ಕಂಚಿನ ಸರ್ಪ ಹೇಳುವ ಪಾಠ

ಗುಬ್ಬಿ ಎಂದೊಡನೆ ನಾಡಿಗೆ ನೆನಪಾಗುವುದು ವೀರಣ್ಣನವರ ನಾಟಕ ಕಂಪನಿ. ಆ ಕಂಪನಿ ಹುಟ್ಟುವುದಕ್ಕೆ ಬಹಳ ಮೊದಲೇ, 1830ರ ದಶಕದ ಕೊನೆಯಲ್ಲಿ, ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಈ ಊರಿನಲ್ಲಿ ನೆಲೆಸಿ ಕನ್ನಡಿಗರ ನಡುವೆ ಧರ್ಮಪ್ರಸಾರಕ್ಕೆ ತೊಡಗಿದ್ದರು. 1839ರಲ್ಲಿ ಭಾರತಕ್ಕೆ ಬಂದು ಗುಬ್ಬಿ ಸೇರಿದ ತರುಣ ವಿಲಿಯಂ ಆರ್ಥರ್, ಕಣ್ಣಿನ ಬೇನೆಯಿಂದ ಬೇಗನೆ ಸ್ವದೇಶಕ್ಕೆ ಮರಳಿದರೂ, 1847ರಲ್ಲಿ ಮೈಸೂರು ಸೀಮೆಯ ಅನುಭವಗಳನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು.

ಆ ಕಾಲದ ಮಿಷನರಿ ಬರಹಗಳಲ್ಲಿ ‘ವಿಗ್ರಹಾರಾಧನೆ’ ಎಂಬುದು ವರ್ಣನೆಯಲ್ಲ, ತೀರ್ಪು. ಆದರೆ ಗುಬ್ಬಿಯಂತಹ ಊರಿಗೆ ಆ ತೀರ್ಪು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಇಲ್ಲಿ ಚನ್ನಬಸವೇಶ್ವರನ ಗುಡಿಯಿದೆ, ತೇರಿದೆ. ಹಾಗೆಯೇ ಸ್ಥಾವರ ಪೂಜೆಯನ್ನು ಹನ್ನೆರಡನೆಯ ಶತಮಾನದಲ್ಲಿಯೇ ಪ್ರಶ್ನಿಸಿ, ದೇಹವನ್ನೇ ದೇಗುಲವೆಂದ ಶರಣ ಪರಂಪರೆಯೂ ಇದೆ. ಅಂಗೈಯ ಇಷ್ಟಲಿಂಗವನ್ನು ವಿಗ್ರಹವೆಂದರೆ ಲಿಂಗವಂತರು ಒಪ್ಪುವುದಿಲ್ಲ. ಅದು ಅವರಿಗೆ ಅರಿವಿನ ಕುರುಹು.

ಬೈಬಲ್ಲಿನಲ್ಲಿಯೂ ಈ ಪ್ರಶ್ನೆ ಸರಳವಾಗಿಲ್ಲ. ಮೋಶೆ ಬೆಟ್ಟದಿಂದ ಇಳಿಯುವುದು ತಡವಾದಾಗ ಜನರು ಕಿವಿಯ ಮುರುವುಗಳನ್ನು ಕೊಟ್ಟು ಆರೋನನಿಂದ ಚಿನ್ನದ ಕರುವನ್ನು ಮಾಡಿಸಿಕೊಂಡ ಕಥೆ ಎಲ್ಲರಿಗೂ ಗೊತ್ತು. ಅದಕ್ಕಿಂತ ನನ್ನನ್ನು ಕಾಡಿದ್ದು ಕಂಚಿನ ಸರ್ಪದ ಕಥೆ. ಅರಣ್ಯಕಾಂಡದಲ್ಲಿ ಹಾವು ಕಚ್ಚಿದವರು ನೋಡಿ ಬದುಕಿಕೊಳ್ಳಲೆಂದು ದೇವರ ಅಪ್ಪಣೆಯಂತೆ ಮೋಶೆಯೇ ಅದನ್ನು ಕಂಬಕ್ಕೇರಿಸುತ್ತಾನೆ. ಶತಮಾನಗಳ ಅನಂತರ ಜನರು ಅದಕ್ಕೆ ಧೂಪ ಹಾಕತೊಡಗಿದಾಗ ಅರಸನಾದ ಹಿಜ್ಕೀಯನು ಅದನ್ನೇ ಒಡೆದುಹಾಕುತ್ತಾನೆ. ವಸ್ತು ಒಂದೇ, ಬದಲಾದದ್ದು ಅದರೊಡನೆ ಜನರ ಸಂಬಂಧ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಎಫೆಸ ಪಟ್ಟಣದ ಅಕ್ಕಸಾಲಿಗ ದೇಮೇತ್ರಿಯನ ಪ್ರಸಂಗವೂ ಅರ್ಥಪೂರ್ಣವೆನಿಸುತ್ತದೆ. ಅರ್ತೆಮೀ ದೇವಿಯ ಬೆಳ್ಳಿಯ ಗುಡಿಗಳನ್ನು ಮಾಡಿ ಮಾರುತ್ತಿದ್ದ ಆತ ಪೌಲನ ಬೋಧನೆಯ ವಿರುದ್ಧ ಜನರನ್ನು ಕೆರಳಿಸುವಾಗ ಮೊದಲು ಎತ್ತುವ ಮಾತು ದೇವಿಯ ಮಹಿಮೆಯದಲ್ಲ, ಕಸುಬಿನ ಲಾಭದ್ದು. ಅದೇ ಪೌಲನ ಹೆಸರಿನ ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯು ಲೋಭವನ್ನೇ ವಿಗ್ರಹಾರಾಧನೆಯೆಂದು ಕರೆಯುತ್ತದೆ. ಈ ಅಳತೆಗೋಲಿನಿಂದ ಅಳೆದರೆ ನಮ್ಮಲ್ಲಿ ಯಾರೂ ತಪ್ಪಿಸಿಕೊಳ್ಳಲಾರೆವು.

ಕ್ರೈಸ್ತರಲ್ಲಿಯೂ ಈ ವಿಷಯದಲ್ಲಿ ಏಕಾಭಿಪ್ರಾಯವಿಲ್ಲ. 787ರ ನೈಸಿಯಾ ಧರ್ಮಸಭೆಯು ಪ್ರತಿಮೆಗೆ ಸಲ್ಲಿಸುವ ಗೌರವ ಬೇರೆ, ದೇವರಿಗೆ ಮಾತ್ರ ಸಲ್ಲುವ ಆರಾಧನೆ ಬೇರೆ ಎಂದು ವಿವೇಚಿಸಿತು. ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಸೀರೆಯುಟ್ಟ ಮಾತೆಯ ಮುಂದೆ ಮೇಣದಬತ್ತಿ ಹಚ್ಚುವ ಕೆಥೋಲಿಕರು ಈ ವಿವೇಚನೆಯನ್ನು ನಂಬಿದವರು. ಹಲವು ಪ್ರೊಟೆಸ್ಟೆಂಟರು ಇದನ್ನು ಒಪ್ಪುವುದಿಲ್ಲ. ಕಲ್ಲಿನಲ್ಲಿ ಕಲ್ಲನ್ನಲ್ಲ, ದೇವರನ್ನು ಕಾಣುತ್ತೇನೆನ್ನುವ ಹಿಂದೂ ಭಕ್ತನ ಸಮರ್ಥನೆಯೂ ಇದರಿಂದ ಬಹು ದೂರದ್ದಲ್ಲ.

ಇದು ಕೇವಲ ಪಾಂಡಿತ್ಯದ ಚರ್ಚೆಯಲ್ಲ. ಪರರ ಆರಾಧನೆಯನ್ನು ಹೀನವೆಂದು ಸಾರುವ ಕರಪತ್ರದಿಂದ ಮನಸ್ಸು ಮುರಿಯುತ್ತದೆ. ಕಲ್ಲೆಸೆತದಿಂದ ಊರೇ ಒಡೆಯುತ್ತದೆ. 2008ರ ಸೆಪ್ಟೆಂಬರಿನಲ್ಲಿ ಕರಾವಳಿಯಲ್ಲಿಯೂ ರಾಜ್ಯದ ಇತರೆಡೆಗಳಲ್ಲಿಯೂ ಕ್ರೈಸ್ತ ಪ್ರಾರ್ಥನಾಲಯಗಳ ಮೇಲೆ ದಾಳಿಗಳು ನಡೆದವು. ಮೂರ್ತಿಪೂಜೆಯ ನಾಡಿನಲ್ಲಿಯೇ ಶಿಲುಬೆಯ ಮೂರ್ತಿ ಭಗ್ನವಾಯಿತು. ಆಡಳಿತದಲ್ಲಿದ್ದು ಶಾಂತಿಸಭೆಗಳನ್ನು ನಡೆಸಿದ ನನಗೆ ತಿಳಿದ ಮಟ್ಟಿಗೆ, ಇಂತಹ ಗಾಯಗಳನ್ನು ಸಭೆಯ ನಡವಳಿಯ ಸಹಿಗಳು ಮಾಯಿಸುವುದಿಲ್ಲ.

ಅನ್ಯರ ಬಲಿಪೀಠಗಳನ್ನು ಕೆಡಹಬೇಕೆಂಬ ಆಜ್ಞೆಯೂ ಬೈಬಲ್ಲಿನಲ್ಲಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಹಿಜ್ಕೀಯನು ಒಡೆದ ಸರ್ಪ ನೆರೆಯವರದಲ್ಲ, ಸ್ವಜನರೇ ಪೂಜಿಸುತ್ತಿದ್ದುದು. ಶರಣರೂ ಮೊದಲು ಪ್ರಶ್ನಿಸಿದ್ದು ತಮ್ಮ ಸುತ್ತಲಿನ ಆಚರಣೆಗಳನ್ನೇ. ಗುಬ್ಬಿಗೆ ಬಂದ ಮಿಷನರಿಗಳೂ, ಅವರನ್ನು ಇಂದಿಗೂ ದೂರುವ ನಾವೂ ಈ ಕ್ರಮವನ್ನು ಮರೆತೆವೆನ್ನಿಸುತ್ತದೆ.