ಲಾರಿ ಎಂಜಿನ್ನಿನ ನೀರಿನ ಪಂಪು

ಲಾರಿ ಎಂಜಿನ್ನಿನ ನೀರಿನ ಪಂಪು ಎಂಬುದು ಎಂಜಿನ್ ಮತ್ತು ರೇಡಿಯೇಟರುಗಳ ನಡುವೆ ತಂಪುದ್ರವವನ್ನು ನಿರಂತರವಾಗಿ ಸುತ್ತಿಸುವ ಸಾಧನವಾಗಿದೆ. ವಾಹನ ದುರಸ್ತಿಯ ವಲಯದಲ್ಲಿ ಇದನ್ನು ‘ವಾಟರ್ ಪಂಪ್’ ಎಂದೂ ತಂಪುದ್ರವವನ್ನು ‘ಕೂಲೆಂಟ್’ ಎಂದೂ ಕರೆಯುತ್ತಾರೆ. ಡೀಸೆಲ್ ಉರಿದಾಗ ಹುಟ್ಟುವ ಶಕ್ತಿಯಲ್ಲಿ ಸರಿಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗಿನ ಶಾಖವನ್ನು ಈ ದ್ರವವೇ ಹೊತ್ತು ಹೊರಹಾಕಬೇಕಾಗುತ್ತದೆ. ಪಂಪು ನಿಂತರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಅತಿಯಾಗಿ ಕಾಯುತ್ತದೆ. ಸಿಲಿಂಡರ್ ಹೆಡ್ ಸೊಟ್ಟಗಾಗುವುದು, ಹೆಡ್ ಗ್ಯಾಸ್ಕೆಟ್ ಒಡೆಯುವುದು, ಪಿಸ್ಟನ್ ಸಿಕ್ಕಿಹಾಕಿಕೊಳ್ಳುವುದು ಇದರ ಪರಿಣಾಮಗಳು.

ರಚನೆ ಮತ್ತು ಕಾರ್ಯ

ಮೋಟಾರು ವಾಹನಗಳ ಆರಂಭಿಕ ಕಾಲದಲ್ಲಿ ಕೆಲವು ಎಂಜಿನ್‌ಗಳಿಗೆ ನೀರಿನ ಪಂಪು ಇರಲಿಲ್ಲ. ಬಿಸಿ ನೀರು ಮೇಲೇರಿ, ತಣ್ಣೀರು ಕೆಳಗಿಳಿಯುವ ಸಹಜ ಚಲನೆಯೇ ಸಾಕೆಂದು ಭಾವಿಸಲಾಗಿತ್ತು. 1908ರಲ್ಲಿ ಮಾರುಕಟ್ಟೆಗೆ ಬಂದ ಫೋರ್ಡ್ ಮಾಡೆಲ್ ಟಿ ಕಾರು ಇದಕ್ಕೆ ಉದಾಹರಣೆ. ಭಾರ ಹೊರುವ ದೊಡ್ಡ ಎಂಜಿನ್‌ಗಳಿಗೆ ಈ ಕ್ರಮ ಸಾಲದಾಯಿತು.

ಇಂದಿನ ಪಂಪಿನಲ್ಲಿ ಎರಕದ ಹೊರಕವಚ, ಬೇರಿಂಗಿನ ಮೇಲೆ ತಿರುಗುವ ದಂಡ, ದಂಡದ ಒಳತುದಿಗೆ ರೆಕ್ಕೆಗಳುಳ್ಳ ಇಂಪೆಲ್ಲರ್, ಹೊರತುದಿಗೆ ಪುಲ್ಲಿ ಮತ್ತು ನೀರು ಬೇರಿಂಗಿನತ್ತ ಹೋಗದಂತೆ ತಡೆಯುವ ಸೀಲ್ ಇರುತ್ತವೆ. ಸಾಮಾನ್ಯವಾಗಿ ಎಂಜಿನ್ನಿನ ಮುಂಭಾಗದ ಬೆಲ್ಟು ಪುಲ್ಲಿಯನ್ನು ತಿರುಗಿಸುತ್ತದೆ. ಇಂಪೆಲ್ಲರ್ ದ್ರವವನ್ನು ಕೇಂದ್ರದಿಂದ ಅಂಚಿಗೆ ಎಸೆದು ಎಂಜಿನ್ನಿನ ಒಳಗಾಲುವೆಗಳಿಗೆ ನೂಕುತ್ತದೆ. ದ್ರವವು ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಥರ್ಮೋಸ್ಟ್ಯಾಟ್ ತೆರೆದುಕೊಂಡು ಅದನ್ನು ರೇಡಿಯೇಟರಿಗೆ ಬಿಡುತ್ತದೆ.

ರಾಯಚೂರು ಪ್ರದೇಶದ ಸನ್ನಿವೇಶ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ಜಿಲ್ಲೆಯಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿಯನ್ನು ಮೀರುವುದು ಸಾಮಾನ್ಯ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಮಾನ್ವಿ ಭಾಗದ ಭತ್ತ, ದೇವದುರ್ಗ ಭಾಗದ ಹತ್ತಿ, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಇವೆಲ್ಲವೂ ಲಾರಿಗಳಲ್ಲಿ ಸಾಗುತ್ತವೆ. ಭತ್ತದ ಹೊಟ್ಟು, ಹತ್ತಿಯ ಎಳೆ ಮತ್ತು ಕಪ್ಪು ಮಣ್ಣಿನ ಧೂಳು ರೇಡಿಯೇಟರಿನ ರೆಕ್ಕೆಗಳ ನಡುವೆ ಸಿಕ್ಕಿಕೊಂಡರೆ ಗಾಳಿ ಹಾಯುವುದು ಕಡಿಮೆಯಾಗುತ್ತದೆ. ಕೊಳವೆ ಬಾವಿಯ ಗಡಸು ನೀರನ್ನು ಹಾಗೆಯೇ ತುಂಬಿಸಿದರೆ ಒಳಗಾಲುವೆಗಳಲ್ಲಿ ಸುಣ್ಣದ ಹಕ್ಕಳೆ ಕಟ್ಟುತ್ತದೆ. ಹಕ್ಕಳೆಯ ಕಣಗಳು ಪಂಪಿನ ಸೀಲನ್ನು ಸವೆಸುತ್ತವೆ.

ಮಾನ್ವಿ ಮತ್ತು ದೇವದುರ್ಗಗಳೆರಡೂ ಜಿಲ್ಲಾ ಕೇಂದ್ರದಿಂದ ಸುಮಾರು 50 ಕಿ.ಮೀ. ಆಸುಪಾಸಿನಲ್ಲಿವೆ. ಪಂಪು ಸೋರುತ್ತಿರುವ ಲಾರಿಯನ್ನು ಹೇಗಾದರೂ ನಗರ ಮುಟ್ಟಿಸೋಣವೆಂದು ಓಡಿಸಿದರೆ, ಒಂದು ಪಂಪಿನ ಖರ್ಚಿನಲ್ಲಿ ಮುಗಿಯಬಹುದಾದ ಕೆಲಸ ಇಡೀ ಎಂಜಿನ್ ಬಿಚ್ಚುವವರೆಗೆ ಬೆಳೆಯಬಹುದು. ಬಿಡಿಭಾಗವನ್ನು ತರಿಸಿ, ಲಾರಿ ನಿಂತ ಸ್ಥಳದಲ್ಲೇ ಬದಲಾಯಿಸುವುದು ಇಂತಹ ಸಂದರ್ಭದಲ್ಲಿ ಹೆಚ್ಚು ಸುರಕ್ಷಿತ.

ಕೆಟ್ಟಿರುವುದರ ಲಕ್ಷಣಗಳು

ಪಂಪಿನ ಕವಚದ ಅಡಿಯಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಸೀಲ್ ಸವೆದಾಗ ನೀರು ಬೇರಿಂಗನ್ನು ಸೇರದೆ ಈ ರಂಧ್ರದಿಂದ ಹೊರಬರಲೆಂದೇ ಅದನ್ನು ಬಿಡಲಾಗಿದೆ. ಸೋರಿಕೆ ನಿಲ್ಲಲೆಂದು ಅದನ್ನು ಮೇಣ ಅಥವಾ ಅಂಟಿನಿಂದ ಮುಚ್ಚುವುದು ತಪ್ಪು. ನೀರು ಒಳಗೇ ಉಳಿದು ಬೇರಿಂಗನ್ನು ಹಾಳುಮಾಡುತ್ತದೆ. ಬೆಲ್ಟು ಸಡಿಲಿಸಿ ಪುಲ್ಲಿಯನ್ನು ಕೈಯಿಂದ ಅಲುಗಿಸಿದಾಗ ಆಟ ಕಂಡುಬರುವುದು, ತಿರುಗುವಾಗ ಗರಗರ ಸದ್ದು ಬರುವುದು ಬೇರಿಂಗ್ ಸವೆದಿರುವುದರ ಗುರುತುಗಳು.

ಎಂಜಿನ್ ಕಾದ ಮಾತ್ರಕ್ಕೆ ಪಂಪೇ ಕಾರಣವೆಂದು ತೀರ್ಮಾನಿಸಬಾರದು. ಬೆಲ್ಟಿನ ಸಡಿಲಿಕೆ, ತೆರೆಯದ ಥರ್ಮೋಸ್ಟ್ಯಾಟ್, ಕಟ್ಟಿಕೊಂಡ ರೇಡಿಯೇಟರ್ ಇವುಗಳನ್ನು ಮೊದಲು ಪರೀಕ್ಷಿಸಬೇಕು. ರೇಡಿಯೇಟರಿನಲ್ಲಿ ನಿರಂತರವಾಗಿ ಗುಳ್ಳೆಗಳೇಳುವುದು, ಎಂಜಿನ್ ಎಣ್ಣೆ ಹಾಲುಬಣ್ಣಕ್ಕೆ ತಿರುಗುವುದು ಹೆಡ್ ಗ್ಯಾಸ್ಕೆಟ್ ಹೋಗಿರುವುದನ್ನು ಸೂಚಿಸುತ್ತವೆ. ಅದು ಮನೆಯಂಗಳದಲ್ಲಿ ಮುಗಿಯುವ ಕೆಲಸವಲ್ಲ.

ಬದಲಾಯಿಸುವ ವಿಧಾನ

1. ಲಾರಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಕೈಬ್ರೇಕ್ ಹಾಕಿ, ಗಾಲಿಗಳಿಗೆ ಅಡ್ಡಗಲ್ಲು ಅಥವಾ ಮರದ ತುಂಡು ಇಡಬೇಕು. ಎಂಜಿನ್ ಪೂರ್ತಿ ಆರುವವರೆಗೆ ಕಾಯಬೇಕು. ಬ್ಯಾಟರಿಯ ಋಣ ತಂತಿಯನ್ನು ಕಳಚಬೇಕು.

2. ಕ್ಯಾಬಿನ್ ಮುಂದಕ್ಕೆ ಬಾಗುವ ಲಾರಿಯಾದರೆ ಅದನ್ನು ಪೂರ್ಣ ಬಾಗಿಸಿ ಸುರಕ್ಷತಾ ಆಧಾರವನ್ನು ಬಿಗಿಯಬೇಕು. ಅರ್ಧ ಎತ್ತಿದ ಕ್ಯಾಬಿನ್ನಿನ ಕೆಳಗೆ ಯಾರೂ ಕೈಯಿಡಬಾರದು.

3. ರೇಡಿಯೇಟರ್ ಮುಚ್ಚಳ ತೆಗೆದು, ಕೆಳಗಿನ ನಲ್ಲಿಯಿಂದ ದ್ರವವನ್ನು ಅಗಲವಾದ ಪಾತ್ರೆಗೆ ಇಳಿಸಬೇಕು.

4. ಫ್ಯಾನಿನ ಸುತ್ತಲಿನ ಕವಚವನ್ನೂ, ಅಗತ್ಯವಿದ್ದರೆ ಫ್ಯಾನನ್ನೂ ಬಿಚ್ಚಬೇಕು. ಕೆಲವು ಎಂಜಿನ್‌ಗಳಲ್ಲಿ ಫ್ಯಾನು ಪಂಪಿನ ದಂಡಕ್ಕೇ ಜೋಡಣೆಯಾಗಿರುತ್ತದೆ. ಬೆಲ್ಟು ಸುತ್ತಿರುವ ರೀತಿಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡು, ಬಿಗಿತ ಸಡಿಲಿಸಿ ತೆಗೆಯಬೇಕು.

5. ಹೋಸ್ ಪೈಪುಗಳನ್ನು ಕಳಚಿ ಪಂಪಿನ ಬೋಲ್ಟುಗಳನ್ನು ಬಿಚ್ಚಬೇಕು. ಬೋಲ್ಟುಗಳ ಉದ್ದ ಬೇರೆ ಬೇರೆಯಾಗಿದ್ದರೆ ಯಾವುದು ಯಾವ ರಂಧ್ರದ್ದೆಂದು ಗುರುತಿಡಬೇಕು. ಪಂಪು ಅಂಟಿಕೊಂಡಿದ್ದರೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು.

6. ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಗೀರು ಬೀಳದಂತೆ ಕೆರೆದು ಮೇಲ್ಮೈಯನ್ನು ಒರೆಸಬೇಕು. ಹೊಸ ಪಂಪನ್ನು ಹಳೆಯದರ ಪಕ್ಕದಲ್ಲಿಟ್ಟು ಪುಲ್ಲಿಯ ಅಳತೆ, ಇಂಪೆಲ್ಲರಿನ ಆಳ, ರಂಧ್ರಗಳ ಸ್ಥಾನ ಹೊಂದುತ್ತವೆಯೇ ಎಂದು ನೋಡಬೇಕು.

7. ಹೊಸ ಗ್ಯಾಸ್ಕೆಟ್ ಅಥವಾ ರಬ್ಬರ್ ಉಂಗುರ ಹಾಕಿ ಪಂಪನ್ನು ಕೂರಿಸಬೇಕು. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದ ತಿರುಗಿಸಿ, ಬಳಿಕ ಎದುರುಬದುರಾಗಿ ಹಂತಹಂತವಾಗಿ ಬಿಗಿಯಬೇಕು. ಬಿಗಿಯುವ ಪ್ರಮಾಣವನ್ನು ತಯಾರಕರ ಕೈಪಿಡಿಯಿಂದಲೇ ತಿಳಿಯಬೇಕು. ಟಾಟಾ ಲಾರಿಗಳಲ್ಲಿಯೂ ಬಳಕೆಯಾದ ಕಮಿನ್ಸ್ 5.9 ಲೀಟರ್ ಎಂಜಿನ್ನಿನಲ್ಲಿ ಎರಡೇ ಬೋಲ್ಟು ಹಾಗೂ ಒಂದು ರಬ್ಬರ್ ಉಂಗುರವಿದ್ದು, ಕೆಲಸ ಹೋಲಿಕೆಯಲ್ಲಿ ಸುಲಭ.

8. ಬಿಚ್ಚಿದ ಭಾಗಗಳನ್ನು ಹಿಂದಿನ ಕ್ರಮದ ಹಿಮ್ಮುಖವಾಗಿ ಜೋಡಿಸಿ, ಬೆಲ್ಟನ್ನು ನಿಗದಿತ ಬಿಗಿತಕ್ಕೆ ತರಬೇಕು. ಅತಿ ಬಿಗಿಯಾದ ಬೆಲ್ಟು ಹೊಸ ಬೇರಿಂಗನ್ನೂ ಬೇಗ ಸವೆಸುತ್ತದೆ.

9. ದ್ರವವನ್ನು ನಿಧಾನವಾಗಿ ತುಂಬಿಸಿ, ಗಾಳಿ ಹೊರಬಿಡುವ ತಿರುಪು ಇದ್ದಲ್ಲಿ ಅದನ್ನು ತೆರೆದು ಗಾಳಿ ಕಳೆಯಬೇಕು. ಎಂಜಿನ್ ಚಾಲೂ ಮಾಡಿ, ಥರ್ಮೋಸ್ಟ್ಯಾಟ್ ತೆರೆಯುವವರೆಗೆ ಉಷ್ಣಮಾಪಕವನ್ನೂ ಸೋರಿಕೆಯನ್ನೂ ಗಮನಿಸಬೇಕು. ಆರಿದ ನಂತರ ಮಟ್ಟ ನೋಡಿ ಕೊರತೆಯನ್ನು ತುಂಬಬೇಕು.

ತಂಪುದ್ರವದ ಆಯ್ಕೆ

ಹಿಮ ಬೀಳದ ಊರಿನಲ್ಲಿ ಕೂಲೆಂಟ್ ಬೇಡವೆಂಬ ಭಾವನೆ ಸರಿಯಲ್ಲ. ಎಥಿಲೀನ್ ಗ್ಲೈಕಾಲ್ ಬೆರೆತ ದ್ರವದ ಕುದಿಬಿಂದು ಬರಿಯ ನೀರಿಗಿಂತ ಹೆಚ್ಚು; ಅದರೊಡನೆ ಇರುವ ರಾಸಾಯನಿಕಗಳು ತುಕ್ಕನ್ನು ತಡೆಯುತ್ತವೆ. ನೀರು ನೇರವಾಗಿ ತಾಕುವ ಲೈನರುಗಳಿರುವ ಡೀಸೆಲ್ ಎಂಜಿನ್‌ಗಳಲ್ಲಿ, ಕಂಪನದಿಂದ ಹುಟ್ಟಿ ಒಡೆಯುವ ಸೂಕ್ಷ್ಮ ಗುಳ್ಳೆಗಳು ಲೋಹವನ್ನು ಕೊರೆಯದಂತೆ ಇವು ಕಾಪಾಡುತ್ತವೆ. ಸಾರವನ್ನು ಬೆರೆಸಲು ಶುದ್ಧೀಕರಿಸಿದ ನೀರನ್ನೇ ಬಳಸಬೇಕು.

ಎಚ್ಚರಿಕೆಗಳು

ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆಗೆಯಬಾರದು. ಮುಚ್ಚಳವು ಒಳಗಿನ ಒತ್ತಡವನ್ನು ವಾತಾವರಣಕ್ಕಿಂತ ಅರ್ಧ ಬಾರ್‌ನಷ್ಟು ಹೆಚ್ಚು ಕಾಯ್ದುಕೊಂಡರೂ ನೀರಿನ ಕುದಿಬಿಂದು ಸುಮಾರು 111 ಡಿಗ್ರಿಗೆ ಏರುತ್ತದೆ. ಮುಚ್ಚಳ ತೆರೆದೊಡನೆ ಒತ್ತಡ ಇಳಿದು, ನೀರು ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕೆಂಪಗೆ ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಬ್ಲಾಕು ಅಥವಾ ಹೆಡ್ ಬಿರುಕುಬಿಡಬಹುದು.

ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ವಿಷ. ಅಂಗಳದಲ್ಲಿ ತೆರೆದಿಟ್ಟ ಪಾತ್ರೆಯಿಂದ ಮಕ್ಕಳು, ನಾಯಿಗಳು, ದನಕರುಗಳು ಅದನ್ನು ಕುಡಿಯುವ ಅಪಾಯವಿದ್ದು, ಅಲ್ಪ ಪ್ರಮಾಣವೂ ಮೂತ್ರಪಿಂಡಗಳನ್ನು ಕೆಡಿಸಿ ಜೀವ ತೆಗೆಯಬಲ್ಲದು. ಯಾರಾದರೂ ಕುಡಿದಿರುವ ಅನುಮಾನ ಬಂದರೆ ಲಕ್ಷಣಗಳಿಗಾಗಿ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಇಳಿಸಿದ ದ್ರವವನ್ನು ಕಾಲುವೆಗೂ ಚರಂಡಿಗೂ ಚೆಲ್ಲದೆ, ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ ಹೆಸರು ಬರೆದು, ಬಳಸಿದ ಎಣ್ಣೆ ಮತ್ತು ದ್ರವಗಳನ್ನು ಸಂಗ್ರಹಿಸುವವರಿಗೆ ಒಪ್ಪಿಸಬೇಕು.