ಕರೆಂಟ್ ಹೋಗಿ ಬಂದರೂ ತಾನಾಗಿಯೇ ಏಳುವ ರೂಟರ್
ಹಾರ್ಡ್ ಡಿಸ್ಕ್ ಇಲ್ಲದ ಹಳೆಯ ಕಂಪ್ಯೂಟರ್ ಸಂಘದ ಕಚೇರಿಗೆ ಉಪಯೋಗವಾದೀತೇ?

ಮುಂಬಯಿ: ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿ ಕಡೆಗಳಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ಹೊಸತೇನಲ್ಲ. ಸಂಘದ ಕಚೇರಿಯಲ್ಲಿ ಹಳೆಯ ಕಂಪ್ಯೂಟರನ್ನೇ ರೂಟರ್ ಮಾಡಿಕೊಂಡಿದ್ದರೆ ಒಮ್ಮೊಮ್ಮೆ ಫಜೀತಿಯಾಗುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿ ಏನೋ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಫೈಲುಗಳು ಕೆಡುತ್ತವೆ. ಮತ್ತೆ ಆನ್ ಮಾಡಿದಾಗ ಯಂತ್ರ ಅರ್ಧದಲ್ಲೇ ನಿಲ್ಲುತ್ತದೆ. ಆನ್‌ಲೈನ್ ಕನ್ನಡ ತರಗತಿಗೆ ಮಕ್ಕಳು ಕಾಯುತ್ತಿರುತ್ತಾರೆ, ಸರಿಪಡಿಸಬಲ್ಲ ಒಬ್ಬರು ಲೋಕಲ್ ರೈಲಿನಲ್ಲಿರುತ್ತಾರೆ.

ಇದಕ್ಕೆ ಸರಳ ಪರಿಹಾರವೆಂದರೆ ಹಾರ್ಡ್ ಡಿಸ್ಕನ್ನೇ ತೆಗೆದು, ಫ್ಲ್ಯಾಶ್ ಮೆಮೊರಿ ಕಾರ್ಡ್‌ನಿಂದ ಕಂಪ್ಯೂಟರನ್ನು ಆರಂಭಿಸುವುದು.

ಕೆಲಸ ಮಾಡುವ ಬಗೆ

1994ರಲ್ಲಿ ಸ್ಯಾನ್‌ಡಿಸ್ಕ್ ಕಂಪನಿ ಹೊರತಂದ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಕ್ಯಾಮರಾಗಳಲ್ಲಿ ಹೆಸರಾಯಿತು. ಹಳೆಯ ಐಡಿಇ ಹಾರ್ಡ್ ಡಿಸ್ಕ್ ಮಾತನಾಡುವ ಭಾಷೆ ಅದಕ್ಕೂ ಗೊತ್ತು. ಆದ್ದರಿಂದ ಸಣ್ಣ ಅಡಾಪ್ಟರ್ ಹಾಕಿ ಜೋಡಿಸಿದರೆ ಕಂಪ್ಯೂಟರ್ ಅದನ್ನು ಡಿಸ್ಕ್ ಎಂದೇ ತಿಳಿಯುತ್ತದೆ. ಆನ್ ಮಾಡಿದಾಗ ಕಾರ್ಡ್‌ನಲ್ಲಿರುವ ವ್ಯವಸ್ಥೆ ರ್‍ಯಾಮ್‌ಗೆ ಇಳಿಯುತ್ತದೆ. ಮುಂದಿನ ಕೆಲಸವೆಲ್ಲ ಅಲ್ಲಿಯೇ. ಸೆಟ್ಟಿಂಗ್ ಬದಲಾಯಿಸಿದಾಗ ಮಾತ್ರ ಕಾರ್ಡ್‌ಗೆ ಬರೆಯಲಾಗುತ್ತದೆ. ಕರೆಂಟ್ ಹೋದರೂ ಕೆಡುವಂಥದ್ದು ಹೆಚ್ಚೇನೂ ಇರುವುದಿಲ್ಲ.

ಫ್ಲ್ಯಾಶ್ ಮೆಮೊರಿಯ ಒಂದೊಂದು ಭಾಗಕ್ಕೂ ಇಂತಿಷ್ಟೇ ಸಲ ಬರೆಯಲು ಸಾಧ್ಯ. ಕಡಿಮೆ ಬರೆದಷ್ಟೂ ಕಾರ್ಡ್ ಹೆಚ್ಚು ಬಾಳುತ್ತದೆ. ಆದರೆ ರ್‍ಯಾಮ್‌ನಲ್ಲಿರುವ ದಾಖಲೆಗಳು ಕರೆಂಟ್ ಹೋದೊಡನೆ ಅಳಿಸಿಹೋಗುತ್ತವೆ ಎಂಬುದನ್ನು ಮರೆಯಬಾರದು.

ಸ್ವಿಟ್ಜರ್ಲ್ಯಾಂಡಿನ ಮಾನ್ಯುಯೆಲ್ ಕಾಸ್ಪರ್ ಇದೇ ಉದ್ದೇಶಕ್ಕೆ ಫ್ರೀಬಿಎಸ್‌ಡಿ ಆಧರಿಸಿದ 'ಮೊನೊವಾಲ್' ಎಂಬ ಉಚಿತ ತಂತ್ರಾಂಶ ರೂಪಿಸಿ 2003ರಲ್ಲಿ ಬಿಡುಗಡೆ ಮಾಡಿದರು. 64 ಎಂಬಿ ರ್‍ಯಾಮ್, 16 ಎಂಬಿ ಕಾರ್ಡ್ ಇದ್ದರೂ ಅದು ನಡೆಯುತ್ತಿತ್ತು. ಎಲ್ಲ ಸೆಟ್ಟಿಂಗ್‌ಗಳೂ ಒಂದೇ ಫೈಲಿನಲ್ಲಿದ್ದವು. 2015ರಲ್ಲಿ ಆ ಯೋಜನೆ ನಿಂತಿತು. ಅದರಿಂದ ಕವಲೊಡೆದ ಪಿಎಫ್‌ಸೆನ್ಸ್ ಮತ್ತು ಅದರ ಕವಲಾದ ಓಪಿಎನ್‌ಸೆನ್ಸ್ ಈಗಲೂ ಇವೆ. ಆದರೆ ಪಿಎಫ್‌ಸೆನ್ಸ್ 2017ರಲ್ಲೇ 32 ಬಿಟ್ ಯಂತ್ರಗಳನ್ನು ಕೈಬಿಟ್ಟಿತು. ತೀರಾ ಹಳೆಯ ಯಂತ್ರಕ್ಕೆ ಓಪನ್‌ಡಬ್ಲ್ಯುಆರ್‌ಟಿ ಹೊಂದೀತು. ಯುಎಸ್‌ಬಿಯಿಂದ ಆರಂಭವಾಗುವ ಕಂಪ್ಯೂಟರಾದರೆ ಪೆನ್‌ಡ್ರೈವ್ ಕೂಡ ಸಾಕು.

ಜೋಡಿಸುವಾಗ ಗಮನಿಸಿ

ಎರಡು ನೆಟ್‌ವರ್ಕ್ ಕಾರ್ಡ್ ಬೇಕು: ಒಂದು ಮೋಡೆಮ್ ಕಡೆಗೆ, ಇನ್ನೊಂದು ಕಚೇರಿಯ ಸ್ವಿಚ್ ಕಡೆಗೆ. ಬಯೋಸ್‌ನಲ್ಲಿ ಎರಡು ಸೆಟ್ಟಿಂಗ್ ಮುಖ್ಯ. ಕೀಬೋರ್ಡ್ ಇಲ್ಲದಿದ್ದರೂ ಯಂತ್ರ ನಿಲ್ಲಬಾರದು. ಕರೆಂಟ್ ಬಂದೊಡನೆ ತಾನಾಗಿಯೇ ಆನ್ ಆಗಬೇಕು. ಇವನ್ನು ಮರೆತರೆ ಡಿಸ್ಕ್ ತೆಗೆದ ಶ್ರಮ ವ್ಯರ್ಥ.

ಖರ್ಚಿನ ಲೆಕ್ಕವನ್ನೂ ನೋಡಬೇಕು. 60 ವ್ಯಾಟ್ ಎಳೆಯುವ ಹಳೆಯ ಕಂಪ್ಯೂಟರ್ ಹಗಲಿರುಳು ನಡೆದರೆ ತಿಂಗಳಿಗೆ ಸುಮಾರು 43 ಯುನಿಟ್ ಆಗುತ್ತದೆ. 10 ವ್ಯಾಟ್‌ನ ಸಣ್ಣ ಬೋರ್ಡ್‌ಗೆ ಸುಮಾರು 7 ಯುನಿಟ್ ಸಾಕು. ವರ್ಷಪೂರ್ತಿ ನಡೆಸುವುದಿದ್ದರೆ ಸಣ್ಣ ಬೋರ್ಡ್ ಲೇಸು. ಮೂಲೆಯಲ್ಲಿರುವ ಹಳೆಯ ಯಂತ್ರ ಕಲಿಯುವುದಕ್ಕೂ ಆಪತ್ಕಾಲಕ್ಕೂ ಆದೀತು.

ಒಬ್ಬರ ತಲೆಯಲ್ಲೇ ಉಳಿಯದಿರಲಿ

ಸಂಘಗಳಲ್ಲಿ ಇಂಥ ವ್ಯವಸ್ಥೆ ನಿಲ್ಲುವುದಕ್ಕೆ ಯಂತ್ರ ಕೆಡುವುದೊಂದೇ ಕಾರಣವಲ್ಲ. ಜೋಡಿಸಿದ ಯುವಕ ಕೆಲಸ ಸಿಕ್ಕಿ ಬೇರೆ ಊರಿಗೆ ಹೋಗುತ್ತಾನೆ. ಪಾಸ್‌ವರ್ಡ್ ಅವನೊಂದಿಗೇ ಹೋಗುತ್ತದೆ. ಫ್ಲ್ಯಾಶ್ ಕಾರ್ಡ್ ಇಲ್ಲಿಯೂ ನೆರವಿಗೆ ಬರುತ್ತದೆ. ಅದೇ ಸೆಟ್ಟಿಂಗ್‌ನ ಇನ್ನೊಂದು ಕಾರ್ಡ್ ತಯಾರಿಸಿ ಲಕೋಟೆಯಲ್ಲಿಟ್ಟರೆ, ಮೊದಲನೆಯದು ಕೆಟ್ಟ ದಿನ ಹಳೆಯದನ್ನು ತೆಗೆದು ಹೊಸದನ್ನು ಹಾಕಿ ಆನ್ ಮಾಡಿದರಾಯಿತು. ಕಂಪ್ಯೂಟರ್ ಅಷ್ಟಾಗಿ ಗೊತ್ತಿಲ್ಲದ ಹಿರಿಯ ಸದಸ್ಯರೂ ಈ ಕೆಲಸ ಮಾಡಬಹುದು.

ಹೊಸ ಕಾರ್ಯಕಾರಿ ಸಮಿತಿಗೆ ಲೆಕ್ಕಪತ್ರ, ಬೀಗದ ಕೈ ಒಪ್ಪಿಸುವ ದಿನ ಆ ಲಕೋಟೆ, ಪಾಸ್‌ವರ್ಡ್ ಮತ್ತು ಯಾವ ತಂತಿ ಎಲ್ಲಿಗೆ ಎಂದು ಬರೆದ ಒಂದು ಹಾಳೆಯನ್ನೂ ಒಪ್ಪಿಸಿದರೆ, ಅಧಿಕಾರಿಗಳು ಬದಲಾದರೂ ಮಕ್ಕಳ ತರಗತಿ ನಿಲ್ಲದು.