ಸ್ನಾತಕೋತ್ತರ ವೈದ್ಯಕೀಯ ತರಬೇತಿ: ಮಾರ್ಗದರ್ಶಕರ ಆಯ್ಕೆಯಲ್ಲಿ ಲಿಂಗಾಧಾರಿತ ಆದ್ಯತೆ

ಎಂ.ಬಿ.ಬಿ.ಎಸ್. ನಂತರ ಎಂ.ಡಿ. ಅಥವಾ ಎಂ.ಎಸ್. ವ್ಯಾಸಂಗಕ್ಕೆ ಸೇರುವ ವೈದ್ಯರು ಮೂರು ವರ್ಷಗಳ ಕಾಲ ಆಸ್ಪತ್ರೆಯಲ್ಲಿ ಕರ್ತವ್ಯ ನಿರ್ವಹಿಸುತ್ತಲೇ ತರಬೇತಿ ಪಡೆಯುತ್ತಾರೆ. ತಮ್ಮ ಮಾರ್ಗದರ್ಶಕರು ಮಹಿಳೆಯೇ ಆಗಿರಬೇಕು ಅಥವಾ ಪುರುಷರೇ ಆಗಿರಬೇಕು ಎಂದು ಅವರು ಕೋರಬಹುದೇ ಎಂಬ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಗೈಡ್ ಮತ್ತು ಮೆಂಟರ್

ಸಂಶೋಧನಾ ಪ್ರಬಂಧದ ಮೇಲ್ವಿಚಾರಣೆ ನಡೆಸುವ ಬೋಧಕರು ಗೈಡ್ ಆಗಿರುತ್ತಾರೆ. ಸೀಟು ಹಂಚಿಕೆಯ ಕೌನ್ಸೆಲಿಂಗ್‌ನಲ್ಲಿ ಅಭ್ಯರ್ಥಿಗಳು ಕಾಲೇಜು ಹಾಗೂ ವಿಷಯವನ್ನು ಮಾತ್ರ ಆಯ್ಕೆ ಮಾಡಿಕೊಳ್ಳುತ್ತಾರೆ. ಗೈಡ್ ನಿಗದಿಯಾಗುವುದು ಪ್ರವೇಶದ ನಂತರ. ಅರ್ಹ ಬೋಧಕರು ಕಡಿಮೆಯಿರುವ ವಿಭಾಗದಲ್ಲಿ ಆಯ್ಕೆಯ ಅವಕಾಶವೂ ಕಡಿಮೆ. ಮೆಂಟರ್ ಎಂದರೆ ವೃತ್ತಿ ಹಾಗೂ ಜೀವನದ ವಿಷಯಗಳಲ್ಲಿ ಸಲಹೆ ನೀಡುವ ಹಿರಿಯ ವೈದ್ಯರು. ಇವರು ಅದೇ ವಿಭಾಗದವರಾಗಿರಬೇಕಿಲ್ಲ. ಒಬ್ಬರೇ ಆಗಿರಬೇಕೆಂದೂ ಇಲ್ಲ.

ಆದ್ಯತೆಗೆ ಕಾರಣ

ಶಸ್ತ್ರಚಿಕಿತ್ಸೆ, ಮೂಳೆರೋಗ ಮುಂತಾದ ವಿಭಾಗಗಳಲ್ಲಿ ಮಹಿಳಾ ಬೋಧಕರ ಸಂಖ್ಯೆ ಕಡಿಮೆ. ಗರ್ಭಾವಸ್ಥೆ, ರಾತ್ರಿಪಾಳಿ, ಹೆರಿಗೆ ರಜೆ ಮತ್ತು ತರಬೇತಿ ಅವಧಿಯ ವಿಸ್ತರಣೆಯಂತಹ ವಿಷಯಗಳನ್ನು ಸ್ವತಃ ಅನುಭವಿಸಿದವರೊಡನೆ ಚರ್ಚಿಸಲು ಇಚ್ಛಿಸುವುದು ಸಹಜ. ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗದಲ್ಲಿ ಅಲ್ಪಸಂಖ್ಯೆಯಲ್ಲಿರುವ ಪುರುಷ ವೈದ್ಯರಿಗೂ ಇಂತಹ ಅಪೇಕ್ಷೆ ಇರಬಹುದು.

ಆದರೆ ವೃತ್ತಿಕೌಶಲದ ಕಲಿಕೆಗೆ ಲಿಂಗವು ಅಡ್ಡಿಯಾಗಬೇಕಿಲ್ಲ. ಭಾರತದ ಮೊದಲ ಮಹಿಳಾ ನರಶಸ್ತ್ರಚಿಕಿತ್ಸಕಿ ಎಂದು ಪ್ರಸಿದ್ಧರಾದ ಡಾ. ಟಿ.ಎಸ್. ಕನಕ ಅವರು ಮದ್ರಾಸಿನಲ್ಲಿ ಡಾ. ಬಿ. ರಾಮಮೂರ್ತಿ ಅವರ ವಿಭಾಗದಲ್ಲಿ ತರಬೇತಿ ಪಡೆದು 1968ರಲ್ಲಿ ಪದವಿ ಗಳಿಸಿದರು. ಆ ಕಾಲದಲ್ಲಿ ಈ ಕ್ಷೇತ್ರದಲ್ಲಿ ಅವರಿಗೆ ಮಹಿಳಾ ಮಾರ್ಗದರ್ಶಕರು ದೊರೆಯುವಂತಿರಲಿಲ್ಲ.

ಅಭ್ಯರ್ಥಿಗಳು ಗಮನಿಸಬೇಕಾದ ಅಂಶಗಳು

1. ಗೈಡ್ ಕುರಿತ ಕೋರಿಕೆಯನ್ನು ಪ್ರಬಂಧದ ವಿಷಯ ನೋಂದಣಿಗೆ ಮುನ್ನವೇ ವಿಭಾಗದ ಮುಖ್ಯಸ್ಥರಿಗೆ ಲಿಖಿತವಾಗಿ ಸಲ್ಲಿಸುವುದು ಸೂಕ್ತ. ಸಂಶೋಧನಾ ವಿಷಯದಲ್ಲಿ ಬೋಧಕರಿಗಿರುವ ಪರಿಣತಿಯನ್ನೂ ಪರಿಗಣಿಸತಕ್ಕದ್ದು.

2. ಅಪೇಕ್ಷಿತ ಗೈಡ್ ದೊರೆಯದಿದ್ದಲ್ಲಿ ಅನ್ಯ ವಿಭಾಗದ ಹಿರಿಯರನ್ನು ಮೆಂಟರ್ ಆಗಿ ಕೋರಬಹುದು.

3. ಹೆರಿಗೆ ರಜೆಯು ಗೈಡ್ ಅವರ ಔದಾರ್ಯವನ್ನು ಅವಲಂಬಿಸಿಲ್ಲ. 2023ರ ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣ ನಿಯಮಾವಳಿಯು ಸರ್ಕಾರಿ ನಿಯಮಗಳಂತೆ ಅದಕ್ಕೆ ಅವಕಾಶ ಕಲ್ಪಿಸಿದೆ.

ಕಿರುಕುಳವಿದ್ದಲ್ಲಿ

ಲೈಂಗಿಕ ಕಿರುಕುಳದ ಕಾರಣದಿಂದ ಗೈಡ್ ಬದಲಾವಣೆ ಬಯಸುವವರು ಅದನ್ನು ಕೇವಲ ಆದ್ಯತೆಯೆಂದು ನಮೂದಿಸಿ ಸುಮ್ಮನಾಗಬೇಕಿಲ್ಲ. 2013ರ ಅಧಿನಿಯಮದ ವ್ಯಾಪ್ತಿಗೆ ಆಸ್ಪತ್ರೆಗಳೂ ತರಬೇತಿನಿರತರೂ ಸೇರುತ್ತಾರೆ. ಘಟನೆ ನಡೆದ 3 ತಿಂಗಳೊಳಗೆ ಸಂಸ್ಥೆಯ ಆಂತರಿಕ ಸಮಿತಿಗೆ ಲಿಖಿತ ದೂರು ಸಲ್ಲಿಸಬೇಕು. ಸೂಕ್ತ ಕಾರಣವಿದ್ದಲ್ಲಿ ಸಮಿತಿಯು ಮತ್ತೆ 3 ತಿಂಗಳು ವಿಸ್ತರಿಸಬಹುದು. ವಿಚಾರಣೆಯನ್ನು 90 ದಿನಗಳೊಳಗೆ ಪೂರ್ಣಗೊಳಿಸತಕ್ಕದ್ದು. ವಿಚಾರಣೆ ನಡೆಯುತ್ತಿರುವಾಗಲೇ, ದೂರುದಾರರ ಲಿಖಿತ ಕೋರಿಕೆಯ ಮೇರೆಗೆ, ಆರೋಪಿತ ಬೋಧಕರು ಅವರ ಶೈಕ್ಷಣಿಕ ಮೇಲ್ವಿಚಾರಣೆ ನಡೆಸದಂತೆ ತಡೆಯಲು ಸಮಿತಿಯು ಶಿಫಾರಸು ಮಾಡಬಹುದಾಗಿದೆ. ಆದ್ದರಿಂದ ಪ್ರಬಂಧವು ಗೈಡ್ ಕೈಯಲ್ಲಿದೆ ಎಂಬ ಭಯದಿಂದ ದೂರು ನೀಡಲು ಹಿಂಜರಿಯುವ ಅವಶ್ಯಕತೆ ಇರುವುದಿಲ್ಲ.